‘ಶ್ರೀಪತಿ ಫೋನ್’ಗೆ ಕಳಿಸಲಾಗಿದೆ

ಯಂತ್ರಗಳ ವಿಷಯದಲ್ಲಿ ನಾನು ಹೆದರುವ ಮನುಷ್ಯನಲ್ಲ. ಜೋಗೇಶ್ವರಿಯಲ್ಲಿ ಬಾಟಲಿ ಮುಚ್ಚಳ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿ ಕಂಪ್ಯೂಟರ್ ಬಂದಾಗ ಅದನ್ನು ಮೊದಲು ಮುಟ್ಟಿದವನು ನಾನು. ಹಾಜರಿಗೆ ಬೆರಳೊತ್ತುವ ಯಂತ್ರ ಬಂದಾಗ ಉಳಿದವರು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಒರೆಸಿಕೊಂಡು ಒತ್ತುತ್ತಿದ್ದರೆ, ನಾನು ಒಂದೇ ಸಲಕ್ಕೆ ಹಸಿರು ದೀಪ ಹೊತ್ತಿಸಿ ಒಳಗೆ ಹೋಗುತ್ತಿದ್ದೆ. ಆದ್ದರಿಂದ ಮಗಳು ಅನಘಾ ನಮ್ಮ ಘಾಟ್ಕೋಪರ್ ಮನೆಯ ಲ್ಯಾಪ್‌ಟಾಪಿಗೆ ಒಂದು ಎಐ ಅಸಿಸ್ಟೆಂಟ್ ಹಾಕಿಕೊಟ್ಟು, ಅದು ನನ್ನ ಕೈಗೆ ಬಗ್ಗುತ್ತದೋ ಇಲ್ಲವೋ ಎಂದು ಅನುಮಾನಪಟ್ಟಾಗ ನನಗೆ ನಗು ಬಂತು.

ಅನಘಾ ಹುಟ್ಟಿ ಬೆಳೆದದ್ದು ಮುಂಬಯಿಯಲ್ಲೇ. ಅವಳ ಕನ್ನಡ ನಾಲ್ಕು ಹೆಜ್ಜೆ ನಡೆದು ಸುಸ್ತಾಗಿ ಹಿಂದಿಯಲ್ಲಿ ಕೂತುಬಿಡುತ್ತದೆ. “ಪಪ್ಪಾ, ಇದು ಏನೇನೋ ಪರ್ಮಿಷನ್ ಕೇಳತ್ತೆ. ಸಬ್ ಕುಛ್ ಅಲೌ ಮತ್ ಕರ್ನಾ. ಮೊದಲು ಓದಿ,” ಎಂದಳು. ಓದದೆ ಒತ್ತಲು ನಾನೇನು ಚಿಕ್ಕ ಮಗುವೇ ಎಂದು ಕೇಳಿದೆ. ಅವಳು ನಕ್ಕು ಎದ್ದುಹೋದಳು. ಆ ನಗುವನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಅಸಿಸ್ಟೆಂಟ್ ನಿಜಕ್ಕೂ ಕೆಲಸಕ್ಕೆ ಬರುವಂಥದ್ದು. ನಾನು ನಂಜನಗೂಡಿನವನು, ಕನ್ನಡ ಮಾತಾಡಲು, ಓದಲು ಯಾವ ತೊಂದರೆಯೂ ಇಲ್ಲ. ಫೋನಿನಲ್ಲಿ ಟೈಪ್ ಮಾಡುವುದು ಮಾತ್ರ ಆಗದ ಮಾತು. ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದದ್ದು ಮರೆತುಹೋಗುತ್ತದೆ. ಈ ಅಸಿಸ್ಟೆಂಟ್ ಎದುರು ಬಾಯಲ್ಲಿ ಹೇಳಿದರೆ ಸಾಕು, ಅಚ್ಚುಕಟ್ಟಾದ ಕನ್ನಡದಲ್ಲಿ ಪತ್ರ ಸಿದ್ಧ. ಅಷ್ಟೇ ಅಲ್ಲ, ಬರೆದದ್ದನ್ನು ಅದು ತಾನೇ ಲ್ಯಾಪ್‌ಟಾಪಿನ ಕ್ಲಿಪ್‌ಬೋರ್ಡಿಗೂ ಹಾಕಿಬಿಡುತ್ತಿತ್ತು. ಕ್ಲಿಪ್‌ಬೋರ್ಡ್ ಎಂದರೆ ನಾವು ಕಾಪಿ ಮಾಡಿದ್ದು ಪೇಸ್ಟ್ ಆಗುವವರೆಗೆ ಕಾದಿರುವ ಜಾಗ. ಕಣ್ಣಿಗೆ ಕಾಣದ ಒಂದು ಜೇಬು ಎನ್ನಿ. ಅದರಲ್ಲಿ ಒಂದು ಸಲಕ್ಕೆ ಒಂದೇ ವಸ್ತುವಿಗೆ ಜಾಗ. ಹೊಸದು ಬಂದರೆ ಹಳೆಯದು ಮಾಯ. ಬಿಲ್ಡಿಂಗ್ ಸೊಸೈಟಿಗೆ ನೀರಿನ ಟ್ಯಾಂಕಿನ ಬಗ್ಗೆ ಒಂದು ದೂರು, ಭಾವಮೈದುನನಿಗೆ ಹುಟ್ಟುಹಬ್ಬದ ಶುಭಾಶಯ, ಎಲ್ಲವೂ ಹೀಗೆ ಲ್ಯಾಪ್‌ಟಾಪಿನಿಂದಲೇ ಇಮೇಲಾಗಿ, ಕೈಬೆರಳು ನೋಯದೆ ಹೋದವು. ಒಂದು ವಾರದಲ್ಲಿ ನನ್ನ ಧೈರ್ಯ ಎಷ್ಟಾಯಿತೆಂದರೆ, ಇಷ್ಟು ದಿನ ಯಾರಿಗೂ ಹೇಳದ ಒಂದು ವಿಷಯವನ್ನು ಅದಕ್ಕೆ ಹೇಳಲು ನಿರ್ಧರಿಸಿದೆ.

ವಿಷಯ ನನ್ನ ಎಡಗಿವಿಯದು.

ಎರಡು ವರ್ಷದಿಂದ ಅದು ಸರಿಯಾಗಿ ಕೇಳುತ್ತಿರಲಿಲ್ಲ. ಮೊದಮೊದಲು ಲೋಕಲ್ ರೈಲಿನಲ್ಲಿ ಮುಂದಿನ ಸ್ಟೇಷನ್ ಹೆಸರು ಹೇಳುವ ಹೆಣ್ಣುದನಿ ಬಲಗಡೆಯಿಂದ ಮಾತ್ರ ಬರುತ್ತಿದೆ ಅನ್ನಿಸಿತು. ಎಡಗಡೆಯ ಸ್ಪೀಕರ್ ಕೆಟ್ಟಿರಬೇಕು ಎಂದುಕೊಂಡೆ. ನಾನು ಹತ್ತಿದ ಎಲ್ಲ ಡಬ್ಬಿಗಳಲ್ಲೂ ಎಡಗಡೆಯ ಸ್ಪೀಕರೇ ಏಕೆ ಕೆಡುತ್ತದೆ ಎಂದು ಯೋಚಿಸಲು ನನಗೆ ಆರು ತಿಂಗಳು ಬೇಕಾಯಿತು.

ಇದನ್ನು ಮನೆಯಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಐವತ್ತೇಳಕ್ಕೇ ಕಿವುಡ ಎನ್ನಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಅದೂ ಅಲ್ಲದೆ ಹೇಳುವ ಅಗತ್ಯವೇ ಬೀಳಲಿಲ್ಲ. ನನ್ನ ಹೆಂಡತಿ ಸುಮಿತ್ರಾ ಸಂಜೆ ಹೊತ್ತು ಸೋಫಾದಲ್ಲಿ ನನ್ನ ಎಡಗಡೆ ಕೂತು ತರಕಾರಿ ಹೆಚ್ಚುತ್ತಾ ಮಾತಾಡುತ್ತಾಳೆ. ಅವಳು ಉಡುಪಿಯವಳು, ಮಾತು ಹಾಡಿನ ಹಾಗೆ ಏರಿ ಇಳಿದು ಸಾಗುತ್ತದೆ. ಶಬ್ದ ಕೇಳದಿದ್ದರೂ ಏರಿಳಿತ ಗೊತ್ತಾಗುತ್ತಿತ್ತು. ದನಿ ಏರಿದರೆ ಗಿಡ್ಡ ‘ಹೂಂ’, ಇಳಿದರೆ ಉದ್ದ ‘ಹೂಂ’, ಪೂರ್ತಿ ನಿಂತರೆ ತಲೆಯನ್ನೂ ಸೇರಿಸಿ ‘ಹೂಂ’. ಎರಡು ವರ್ಷ ಇದು ಯಾವ ದೂರೂ ಇಲ್ಲದೆ ನಡೆಯಿತು.

ಇತ್ತೀಚೆಗೆ ಒಂದು ಸಂಜೆ ಅವಳ ದನಿ ನಿಂತಿತು. ನಾನು ತಲೆಯಾಡಿಸಿ ‘ಹೂಂ’ ಎಂದೆ. ಅವಳು ಚಾಕು ಕೆಳಗಿಟ್ಟು, ಬೆಂಡೆಕಾಯಿಯೋ ಬೀನ್ಸೋ ಎಂದು ತಾನು ಕೇಳಿದ್ದು ಎಂದಳು. ಆಗ ನನಗೆ ಮೊದಲ ಬಾರಿ ಬೆವರು ಬಂತು.

ಮಾರನೆಯ ದಿನವೇ ನನ್ನ ಜೊತೆ ಕೆಲಸ ಮಾಡುವ ಒಬ್ಬರಿಂದ ವಿಲೆ ಪಾರ್ಲೆಯ ಒಂದು ಕಿವಿ ಪರೀಕ್ಷೆಯ ಕ್ಲಿನಿಕ್ಕಿನ ನಂಬರು ಪಡೆದೆ. ಅದನ್ನು ನಡೆಸುವವರು ಪಾಟೀಲ ಮೇಡಂ, ಧಾರವಾಡದ ಕಡೆಯವರು. ಘಾಟ್ಕೋಪರ್‌ನಲ್ಲಿ ಬೇಕಾದಷ್ಟು ಕ್ಲಿನಿಕ್ಕುಗಳಿವೆ. ಆದರೆ ಅಲ್ಲಿ ನಮ್ಮ ಬಿಲ್ಡಿಂಗಿನ ಯಾರಾದರೂ ನೋಡುವ ಭಯ. ಮೇಡಂ ಫೋನಿನಲ್ಲಿ, ತೊಂದರೆಯನ್ನೆಲ್ಲ ವಾಟ್ಸಾಪ್‌ನಲ್ಲಿ ವಿವರವಾಗಿ ಬರೆದು ಕಳಿಸಿ, ಯಾವ ದಿನ ಬರಬೇಕೆಂದು ಆಮೇಲೆ ಹೇಳುತ್ತೇನೆ ಎಂದರು. ಕನ್ನಡದಲ್ಲೇ ಬರೆಯಿರಿ ಎಂದೂ ಸೇರಿಸಿದರು.

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ. ಅನಘಾ ಗೆಳತಿಯ ಮನೆಗೆ ಹೋಗಿದ್ದಳು. ಸುಮಿತ್ರಾ ಹಾಲ್‌ನಲ್ಲಿ ತನ್ನ ಫೋನು ಹಿಡಿದು ಕೂತಿದ್ದಳು. ಸುತ್ತಲಿನ ಕನ್ನಡ ಹೆಂಗಸರದ್ದೊಂದು ಭಜನೆ ಗುಂಪಿದೆ, ನಲವತ್ತೆರಡು ಜನ. ಅವರಿಗೆಲ್ಲ ಸೂಚನೆ ಕಳಿಸುವುದು ಇವಳ ಕೆಲಸ. ನಾನು ಬೆಡ್‌ರೂಮಿನಲ್ಲಿ ಬಾಗಿಲು ಸ್ವಲ್ಪ ಮುಂದೆ ಮಾಡಿಕೊಂಡು ಲ್ಯಾಪ್‌ಟಾಪಿಗೆ ಮೆಲುದನಿಯಲ್ಲಿ ನನ್ನ ಕತೆ ಹೇಳಿದೆ. ಅಸಿಸ್ಟೆಂಟ್ ತನ್ನ ಗಂಭೀರ ಕನ್ನಡದಲ್ಲಿ ಹೀಗೆ ಬರೆಯಿತು:

“ಮಾನ್ಯರೇ, ಕಳೆದ ಎರಡು ವರ್ಷಗಳಿಂದ ನನ್ನ ಎಡಗಿವಿಯ ಶ್ರವಣಶಕ್ತಿ ಕುಂದಿರುತ್ತದೆ. ಮನೆಯವರಿಗೆ ಈ ವಿಷಯ ತಿಳಿದಿರುವುದಿಲ್ಲ. ನನ್ನ ಧರ್ಮಪತ್ನಿಯವರು ಸಾಮಾನ್ಯವಾಗಿ ನನ್ನ ಎಡಭಾಗದಲ್ಲಿ ಕುಳಿತು ಮಾತನಾಡುತ್ತಾರೆ. ಅವರ ಮಾತು ಕೇಳಿಸದ ಕಾರಣ ನಾನು ‘ಹೂಂ’ ಎಂದು ಉತ್ತರಿಸುತ್ತಾ ಬಂದಿದ್ದೇನೆ. ಈ ವ್ಯವಸ್ಥೆ ಇದುವರೆಗೆ ತೃಪ್ತಿಕರವಾಗಿ ನಡೆದಿರುತ್ತದೆ. ಆದರೆ ಇತ್ತೀಚೆಗೆ ಅವರು ಪ್ರಶ್ನೆಗಳನ್ನು ಕೇಳಲಾರಂಭಿಸಿದ್ದಾರೆ. ಆದ್ದರಿಂದ ಪತ್ನಿಯ ಕಣ್ಣಿಗೆ ಬೀಳದಂತಹ ಒಂದು ಸಣ್ಣ ಯಂತ್ರವನ್ನು ದಯಮಾಡಿ ಸೂಚಿಸಬೇಕಾಗಿ ವಿನಂತಿ.”

ಒಂದಕ್ಷರ ತಿದ್ದುವ ಹಾಗಿರಲಿಲ್ಲ. ವಾಟ್ಸಾಪ್ ಇರುವುದು ಫೋನಿನಲ್ಲಿ; ಇದನ್ನು ನನ್ನ ಫೋನಿನ ಕ್ಲಿಪ್‌ಬೋರ್ಡಿಗೆ ಹಾಕು ಎಂದೆ. ಅದು ಅನುಮತಿ ಕೇಳಿತು. ಎಂಟು ಸಾಲಿನ ಇಂಗ್ಲಿಷು, ಕೆಳಗೆ ‘ಯಾವಾಗಲೂ ಅನುಮತಿಸು’. ಒತ್ತಿದೆ. ಆಮೇಲೆ, ನಿಮ್ಮ ಅಕೌಂಟಿನಲ್ಲಿ ಎರಡು ಫೋನುಗಳಿವೆ, ಯಾವುದಕ್ಕೆ ಎಂದು ಕೇಳಿತು. ಒಂದರ ಹೆಸರು ‘ಶ್ರೀಪತಿ ಫೋನ್’. ಇನ್ನೊಂದರ ಹೆಸರು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಒಂದು ಉದ್ದನೆಯ ಸಾಲು. ನನ್ನ ಹೆಸರು ಶ್ರೀಪತಿ. ಇದರಲ್ಲಿ ಯೋಚಿಸುವುದೇನಿದೆ? ‘ಶ್ರೀಪತಿ ಫೋನ್’ ಒತ್ತಿದೆ. ‘ಪಠ್ಯವನ್ನು ಶ್ರೀಪತಿ ಫೋನ್‌ಗೆ ಕಳಿಸಲಾಗಿದೆ’ ಎಂದು ಉತ್ತರ ಬಂತು.

ನನಗೆ ಆ ಕ್ಷಣ ನೆನಪಾಗದೇ ಹೋದ ಸಂಗತಿ ಇಷ್ಟೇ. ‘ಶ್ರೀಪತಿ ಫೋನ್’ ಎಂದು ನಾನೇ ಹೆಸರಿಟ್ಟದ್ದು ನನ್ನ ಹಳೆಯ ಫೋನಿಗೆ. ಮೂರು ವರ್ಷದ ಹಿಂದೆ ಹೊಸದು ಕೊಂಡಾಗ ಆ ಹಳೆಯದನ್ನು ಸುಮಿತ್ರಾಗೆ ಕೊಟ್ಟಿದ್ದೆ. ಹೆಸರೂ ಬದಲಿಸಿರಲಿಲ್ಲ, ಅದರಲ್ಲಿದ್ದ ನನ್ನ ಅಕೌಂಟೂ ತೆಗೆದಿರಲಿಲ್ಲ. ಹೊಸ ಫೋನಿಗೆ ನಾನು ಹೆಸರೇ ಇಟ್ಟಿರಲಿಲ್ಲ. ಅಕ್ಷರ ಮತ್ತು ಅಂಕಿಗಳ ಆ ಅನಾಥ ಸಾಲೇ ನನ್ನದು.

ಹಾಲ್‌ನಲ್ಲಿ ಏನಾಯಿತೆಂದು ನನಗೆ ಆಮೇಲೆ ತಿಳಿದದ್ದು. ಭಾನುವಾರದ ಭಜನೆ ನಡೆಯಬೇಕಿದ್ದ ಮನೆಯಲ್ಲಿ ಸೋರಿಕೆ ಶುರುವಾಗಿ, ಜಾಗ ಬದಲಾಗಿತ್ತು. ಹೊಸ ವಿಳಾಸವನ್ನು ನಮ್ಮ ಬಿಲ್ಡಿಂಗಿನ ಜಲಜಕ್ಕ ಬರೆದು ಸುಮಿತ್ರಾಗೆ ಕಳಿಸಿದ್ದರು. ಸುಮಿತ್ರಾ ಅದನ್ನು ಕಾಪಿ ಮಾಡಿದಳು. ಅದೇ ಹೊತ್ತಿಗೆ ಫೋನು ಏನೋ ಅನುಮತಿ ಕೇಳಿತು. ಅವಳೂ ನನ್ನ ಹೆಂಡತಿಯೇ; ಓದದೆ ಒತ್ತಿದಳು. ‘ಕಾಪಿ ಆಗಿದೆ’ ಎಂದು ಪರದೆಯ ಮೇಲೆ ಬಂತು. ಕಾಪಿ ಮಾಡಿದವಳು ತಾನೇ ಆದ್ದರಿಂದ ಅವಳಿಗೆ ಅನುಮಾನ ಬರಲು ಕಾರಣವಿರಲಿಲ್ಲ. ಗುಂಪಿಗೆ ಹೋಗಿ, ಬೆರಳು ಒತ್ತಿಹಿಡಿದು, ಪೇಸ್ಟ್ ಮಾಡಿ, ಕಳಿಸಿಬಿಟ್ಟಳು. ಕನ್ನಡಕ ಅಡುಗೆಮನೆಯಲ್ಲಿತ್ತು.

ಇತ್ತ ನಾನು ನನ್ನ ಫೋನು ತೆಗೆದು, ಮೇಡಂ ಅವರಿಗೆ ಬರೆಯುವ ಜಾಗದಲ್ಲಿ ಪೇಸ್ಟ್ ಒತ್ತಿ, ವಿಶ್ವಾಸದಿಂದ ಕಳಿಸಿದೆ. ಎರಡು ನಿಮಿಷದಲ್ಲಿ ಅವರ ಉತ್ತರ ಬಂತು. “ಸರ, ಇದು ಕಿವಿ ಕ್ಲಿನಿಕ್ ಅದರೀ. ಕಾಯಿಪಲ್ಯೆ ಅಂಗಡಿ ಅಲ್ಲ.” ಮೇಲೆ ನೋಡಿದರೆ, ನಾನು ಕಳಿಸಿದ್ದು ಹಿಂದಿನ ಸಂಜೆ ಸುಮಿತ್ರಾ ಫೋನಿಗೆ ಕಳಿಸಿ, ನಾನು ಕಾಪಿ ಮಾಡಿಟ್ಟಿದ್ದ ಪಟ್ಟಿ: ಕೊತ್ತಂಬರಿ ಎರಡು ಕಟ್ಟು, ಹಸಿಮೆಣಸು, ತೆಂಗಿನಕಾಯಿ ಒಂದು, ಒಡೆದು ನೋಡಿ ತರುವುದು.

ನಾನು ಲ್ಯಾಪ್‌ಟಾಪಿಗೆ ಪತ್ರ ತಲುಪಿಲ್ಲ ಎಂದು ಸ್ವಲ್ಪ ಖಾರವಾಗಿಯೇ ಹೇಳಿದೆ. ಅದು ಕ್ಷಮೆ ಕೇಳಿ, ಮತ್ತೆ ಕಳಿಸುವ ಮೊದಲು ಇನ್ನೇನಾದರೂ ವಿವರ ಸೇರಿಸಬೇಕೇ ಎಂದು ವಿನಯದಿಂದ ವಿಚಾರಿಸಿತು. ವೈದ್ಯರಿಗೆ ಬರೆಯುವಾಗ ಏನನ್ನೂ ಮುಚ್ಚಿಡಬಾರದು ಎಂಬುದು ನನ್ನ ನಂಬಿಕೆ. ದನಿ ಏರಿದರೆ ಎಂಥ ‘ಹೂಂ’, ಇಳಿದರೆ ಎಂಥದು ಎಂಬುದನ್ನೂ, ಮಾತು ತೀರಾ ಉದ್ದವಾದರೆ ಬಾತ್‌ರೂಮಿಗೆ ಹೋಗಿ ಕೂರುವ ನನ್ನ ಪದ್ಧತಿಯನ್ನೂ ಹೇಳಿದೆ. ಅದು ಅಷ್ಟನ್ನೂ ಸೇರಿಸಿ ‘ಶ್ರೀಪತಿ ಫೋನ್’ಗೆ ಕಳಿಸಿತು.

ಭಜನೆ ಗುಂಪಿನಲ್ಲಿ ಅಷ್ಟು ಹೊತ್ತಿಗೆ ಮೊದಲ ಪತ್ರಕ್ಕೆ ಉತ್ತರಗಳು ಬಂದಿದ್ದವು. ಇಬ್ಬರು ಕೈಮುಗಿದ ಚಿತ್ರ ಹಾಕಿದ್ದರು. ಎಂಬತ್ತು ದಾಟಿದ ಒಬ್ಬ ಅಜ್ಜಿ, ಇದು ಯಾರ ಕೀರ್ತನೆ, ಯಾವ ತಾಳ ಎಂದು ಕೇಳಿದ್ದರು. ಜಲಜಕ್ಕ ಮಾತ್ರ ಪೂರ್ತಿ ಓದಿ, ಸುಮಿತ್ರಾಗೆ ಫೋನು ಮಾಡಿ, ವಿಳಾಸದ ಬದಲು ಬೇರೇನೋ ಬಂದಿದೆ, ಮತ್ತೆ ಹಾಕು ಎಂದಷ್ಟೇ ಹೇಳಿದರು. ಏನು ಬಂದಿದೆ ಎಂದು ಹೇಳುವ ಧೈರ್ಯ ಅವರಿಗೂ ಆಗಲಿಲ್ಲವಂತೆ. ಸುಮಿತ್ರಾ ‘ಕ್ಷಮಿಸಿ, ತಪ್ಪಾಗಿ ಹೋಯಿತು, ಸರಿಯಾದದ್ದು ಕೆಳಗಿದೆ’ ಎಂದು ಬರೆದಳು. ಜಲಜಕ್ಕನ ಸೂಚನೆಯನ್ನು ಮತ್ತೆ ಕಾಪಿ ಮಾಡಿದಳು. ಮತ್ತೆ ಪೇಸ್ಟ್ ಮಾಡಿದಳು. ಆ ಎರಡರ ನಡುವಿನ ಕ್ಷಣದಲ್ಲಿ ನನ್ನ ಎರಡನೆಯ ಪತ್ರ, ಬಾತ್‌ರೂಮ್ ಸಮೇತ, ಅವಳ ಕ್ಲಿಪ್‌ಬೋರ್ಡಿಗೆ ಬಂದು ಕೂತಿತ್ತು.

ಈ ಸಲ ಕೈಮುಗಿದ ಚಿತ್ರ ಯಾರೂ ಹಾಕಲಿಲ್ಲ. ಫೋನುಗಳು ಬರತೊಡಗಿದವು. ಸುಮಿತ್ರಾ ಅಡುಗೆಮನೆಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು ಓದಿದಳು.

ಅವಳು ಹಾಲ್‌ನಿಂದಲೇ ನನ್ನನ್ನು ಮೂರು ಸಲ ಕೂಗಿದಳಂತೆ. ಬೆಡ್‌ರೂಮಿನಲ್ಲಿ ನಾನು ಕೂತ ಕುರ್ಚಿಗೆ ಬಾಗಿಲು ಎಡಗಡೆ. ಆಮೇಲೆ ಅವಳೇ ಒಳಗೆ ಬಂದು ನನ್ನ ಪಕ್ಕ ನಿಂತಳು. ಎರಡನೆಯದೂ ನನ್ನ ಫೋನಿಗೆ ಬಾರದ್ದರಿಂದ ನಾನು ಮೂರನೆಯ ಪತ್ರ ಹೇಳಿ ಬರೆಸುವುದರಲ್ಲಿ ಮುಳುಗಿದ್ದೆ. ಪಕ್ಕದಲ್ಲಿ ಒಂದು ಸೀರೆಯ ಅಂಚು ಕಂಡಿತು, ಒಂದು ದನಿ ಏರಿ ನಿಂತ ಹಾಗಾಯಿತು. ನಾನು ಪರದೆಯಿಂದ ಕಣ್ಣೆತ್ತದೆ, ತಲೆಯನ್ನೂ ಸೇರಿಸಿ, “ಹೂಂ,” ಎಂದೆ.

ಅವಳು ಕೇಳಿದ್ದು, “ನಿಮಗೆ ಕಿವಿ ಕೇಳುದಿಲ್ವಾ?” ಎಂದು.

ಎರಡು ವರ್ಷದಲ್ಲಿ ನಾನು ಅವಳಿಗೆ ಕೊಟ್ಟ ಮೊದಲ ಸರಿಯಾದ ಉತ್ತರ ಅದು.

ಅವಳು ಸುತ್ತು ಹಾಕಿ ನನ್ನ ಬಲಗಡೆ ಬಂದು, ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ನನ್ನ ಪತ್ರ. ಅದರ ಕೆಳಗೆ ನನ್ನ ಇನ್ನೊಂದು ಪತ್ರ. ಮೇಲೆ ಭಜನೆ ಗುಂಪಿನ ಹೆಸರು, ತಾಳ ಹಿಡಿದ ಒಂದು ಚಿತ್ರ. ಏನಾದರೂ ಮಾಡಬೇಕೆಂದು ಫೋನು ಕಿತ್ತುಕೊಂಡು ಅಳಿಸಲು ಹೋದೆ. ‘ನನಗೆ ಮಾತ್ರ ಅಳಿಸು’, ‘ಎಲ್ಲರಿಗೂ ಅಳಿಸು’ ಎಂದು ಎರಡು ಸಾಲು ಬಂದವು. ನಾನು ಮೇಲಿನದನ್ನು ಒತ್ತಿದೆ. ಸುಮಿತ್ರಾಳ ಫೋನಿನಿಂದ ಎರಡೂ ಪತ್ರ ಮಾಯವಾದವು. ಉಳಿದ ನಲವತ್ತೊಂದು ಫೋನುಗಳಲ್ಲಿ ಅವು ಸುರಕ್ಷಿತವಾಗಿ ಉಳಿದವು. ಇನ್ನು ಅವನ್ನು ಅಳಿಸುವ ದಾರಿಯೂ ನಮ್ಮ ಕೈಯಲ್ಲಿ ಉಳಿಯಲಿಲ್ಲ.

ಅವಳು ಕಿರುಚುತ್ತಾಳೆ ಎಂದುಕೊಂಡಿದ್ದೆ. ಕಿರುಚಲಿಲ್ಲ. ಮಂಚದ ಮೇಲೆ ಕೂತು ಬಹಳ ಹೊತ್ತು ನನ್ನ ಎಡಗಿವಿಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ, “ಹಾಗಾದ್ರೆ ಕುರ್ಚಿ?” ಎಂದಳು.

ಕುರ್ಚಿ ಎಂದರೆ ನಂಜನಗೂಡಿನಿಂದ ನಾನು ತಂದಿದ್ದ ನಮ್ಮಪ್ಪನ ಬೆತ್ತದ ಕುರ್ಚಿ. ಒಂದೂವರೆ ವರ್ಷದ ಹಿಂದೆ ಅದು ಕಾಣೆಯಾಯಿತು. ಬೆತ್ತ ಹೆಣೆಯಲು ಕೊಟ್ಟಿರಬೇಕು, ಮುಂಬಯಿಯಲ್ಲಿ ಈಗ ಹೆಣೆಯುವವರು ಸಿಗುವುದು ಕಷ್ಟ, ತಡವಾಗುತ್ತಿದೆ ಎಂದು ನಾನು ತಾಳ್ಮೆಯಿಂದ ಕಾಯುತ್ತಿದ್ದೆ. ಅದನ್ನು ಗುಂಪಿನ ಆ ತಾಳ ಕೇಳಿದ ಅಜ್ಜಿಗೆ ಕೊಡಲೇ ಎಂದು ಅವಳು ಕೇಳಿದ್ದಳಂತೆ. ನಾನು ‘ಹೂಂ’ ಎಂದಿದ್ದೆನಂತೆ. ಉದ್ದನೆಯದು.

ಹಾಗೆ ಒಂದೊಂದೇ ಹೊರಬಂತು. ಸಂಜೆಯ ಎರಡನೆಯ ಕಾಫಿ. ಒಂದು ವರ್ಷದಿಂದ ಅವಳು ಅದನ್ನು ಕೊಡುತ್ತಿರಲಿಲ್ಲ. ನನ್ನ ಮೇಲೆ ಏನೋ ಸಿಟ್ಟಿರಬೇಕು ಎಂದುಕೊಂಡು, ಸ್ವಾಭಿಮಾನದಿಂದ ನಾನೂ ಕೇಳಿರಲಿಲ್ಲ. ಅದನ್ನು ನಿಲ್ಲಿಸೋಣವೇ ಎಂದು ಅವಳು ಕೇಳಿದ್ದಳು, ನಾನು ಒಪ್ಪಿದ್ದೆ. ಕಳೆದ ಮೇ ತಿಂಗಳಲ್ಲಿ ಬಾಗಿಲು ತೆಗೆದರೆ ಅವಳ ಚಿಕ್ಕಮ್ಮ ಮೂರು ಬ್ಯಾಗು ಹಿಡಿದು ನಿಂತಿದ್ದರು. ಇಪ್ಪತ್ತು ದಿನ ಇದ್ದರು. ಆ ದಿನ ನಾನು ಬಾಗಿಲಲ್ಲಿ ಅವಾಕ್ಕಾಗಿ ನಿಂತದ್ದನ್ನು ಅವರು ಸಂಭ್ರಮ ಎಂದು ತಿಳಿದರಂತೆ. ಅವರನ್ನು ಕರೆಯುವುದಕ್ಕೂ ನನ್ನ ಒಪ್ಪಿಗೆ ಇತ್ತು.

ಇಷ್ಟರವರೆಗೆ ನನಗೆ ಒಳಗೊಳಗೇ ನಗುವೂ ಬರುತ್ತಿತ್ತು. ಅವಳ ಮುಖದಲ್ಲೂ ನಗು ಮೂಡುವ ಹಾಗಿತ್ತು. ಆಮೇಲೆ ಅವಳು, “ಹಾಗಾದ್ರೆ ಕಳೆದ ಮಳೆಗಾಲದ್ದೂ ನಿಮಗೆ ಗೊತ್ತಿಲ್ಲ,” ಎಂದಳು.

ನಾನು ಏನು ಮಳೆಗಾಲದ್ದು ಎಂದೆ.

“ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತು ಮಾರಾಯ್ರೆ. ನಾಳೆ ಪರೀಕ್ಷೆಗೆ ಹೋಗ್ಲಿಕ್ಕುಂಟು ಅಂತ ನಿಮ್ಮ ಹತ್ರ ಹೇಳಿದೆ. ಹೆದರಿಕೆ ಆಗ್ತದೆ ಅಂತಲೂ ಹೇಳಿದೆ. ನೀವು ಹೂಂ ಅಂದ್ರಿ, ಪೇಪರು ಮಗುಚಿದ್ರಿ.”

ಅವಳು ಮರುದಿನ ಒಬ್ಬಳೇ ಹೋಗಿದ್ದಳು. ಒಬ್ಬಳೇ ಬಂದಿದ್ದಳು. ನಾಲ್ಕು ದಿನ ಕಾದು ವರದಿ ತಂದಿದ್ದಳು. ಏನೂ ಇರಲಿಲ್ಲ, ನೀರು ತುಂಬಿದ ಸಣ್ಣ ಗುಳ್ಳೆ ಅಷ್ಟೆ. ಏನೂ ಇಲ್ಲವಂತೆ ಎಂದು ಅದೇ ಸೋಫಾದಲ್ಲಿ ಕೂತು ನನಗೆ ಹೇಳಿದ್ದಳು. ಅದಕ್ಕೂ ನಾನು ಅದನ್ನೇ ಅಂದಿದ್ದೆ.

ಆ ನಾಲ್ಕು ದಿನ ನಾನು ಏನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಎಂದಿನ ಹಾಗೆ ಮೆಟ್ರೋ ಹತ್ತಿ, ಲೋಕಲ್ ಹಿಡಿದು, ಮುಚ್ಚಳ ಎಣಿಸಿ ಬಂದಿರಬೇಕು. ಅವಳು ಹೆದರಿಕೊಂಡು ಕೂತ ಮನೆಯಲ್ಲಿ ನಾನು ಕೂತು ಊಟ ಮಾಡಿದ್ದೆ, ಉಪ್ಪು ಕಡಿಮೆ ಎಂದೂ ಅಂದಿರಬಹುದು. ನಾನು ಅವಳ ಕೈ ಹಿಡಿದುಕೊಂಡು, ನನಗೆ ಕೇಳಿಸಿರಲಿಲ್ಲ ಕಣೇ, ಕೇಳಿಸಿದ್ದರೆ ಬರುತ್ತಿದ್ದೆ ಎಂದೆ.

ಅವಳು ಕಣ್ಣು ಒರೆಸಿಕೊಂಡು ಹೇಳಿದ್ದು ನನ್ನನ್ನು ಇನ್ನಷ್ಟು ಕುಗ್ಗಿಸಿತು. “ನಾನು ಎಂತ ಅಂದ್ಕೊಂಡದ್ದು ಗೊತ್ತುಂಟಾ? ಇವರು ಇಷ್ಟು ಗಟ್ಟಿ ಇದ್ದಾರಲ್ಲ, ಹಾಗಾದ್ರೆ ಹೆದರ್ಲಿಕ್ಕೆ ಏನೂ ಇಲ್ಲ ಅಂತ. ನಿಮ್ಮಿಂದಲೇ ನನಗೆ ಧೈರ್ಯ ಬಂದದ್ದು.”

ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಈ ಗಟ್ಟಿತನವನ್ನು ಅವಳು ಭಜನೆ ಗುಂಪಿನಲ್ಲೂ ಹೊಗಳಿದ್ದಳು. ಎರಡು ವರ್ಷದಿಂದ ಆ ನಲವತ್ತೊಂದು ಮನೆಗಳಲ್ಲಿ ಶ್ರೀಪತಿ ರಾಯರ ಹೆಸರು ನಡೆಯುತ್ತಿತ್ತು. ಹೆಂಡತಿಯ ಮಾತನ್ನು ಎದುರಾಡದೆ ಕೇಳುವ ಗಂಡ, ಕಾಫಿ ಬೇಡವೆಂದರೆ ಬಿಟ್ಟ ಗಂಡ, ಅಪ್ಪನ ಕುರ್ಚಿಯನ್ನೇ ದಾನ ಕೊಟ್ಟ ಗಂಡ. ಅವರನ್ನು ನೋಡಿ ಕಲಿಯಿರಿ ಎಂದು ಹೆಂಗಸರು ತಮ್ಮ ತಮ್ಮ ಗಂಡಂದಿರಿಗೆ ಹೇಳುತ್ತಿದ್ದರಂತೆ. ಲಿಫ್ಟಿನಲ್ಲಿ ಸಿಕ್ಕಾಗ ಜಲಜಕ್ಕನ ಯಜಮಾನರಾದ, ಹೋಟೆಲ್ ನಡೆಸುವ ಸದಾನಂದ ಶೆಟ್ಟರು ನನ್ನನ್ನು ಏಕೆ ಹಾಗೆ ದುರುಗುಟ್ಟಿ ನೋಡುತ್ತಾರೆ ಎಂದು ನನಗೆ ಅಂದು ಅರ್ಥವಾಯಿತು.

ಮಧ್ಯಾಹ್ನ ಅನಘಾ ಬಂದಳು. ಎಲ್ಲವನ್ನೂ ಕೇಳಿ, ಎರಡೂ ಫೋನು, ಲ್ಯಾಪ್‌ಟಾಪ್ ಪರೀಕ್ಷಿಸಿ, ನಾನೂ ಅಮ್ಮನೂ ಎಲ್ಲೆಲ್ಲಿ ಏನೇನು ಒತ್ತಿದೆವು ಎಂದು ಅವಳೇ ವಿವರಿಸಿದಳು. ಮೂರೂ ಕಡೆ ಅನುಮತಿ ತೆಗೆದುಹಾಕಿದಳು, ಫೋನುಗಳಿಗೆ ಹೊಸ ಹೆಸರಿಟ್ಟಳು. ನನ್ನದಕ್ಕೆ ಇಟ್ಟ ಹೆಸರು ‘ಪಪ್ಪಾ, ಪಢ್ ಕೆ ದಬಾವೋ’, ಅಂದರೆ ಓದಿ ಒತ್ತಿ.

ಸೋಮವಾರ ನಾನು ಗುಟ್ಟಾಗಿ ಹೋಗಬೇಕಿದ್ದ ವಿಲೆ ಪಾರ್ಲೆಗೆ ಸುಮಿತ್ರಾ ಜೊತೆಗೇ ಬಂದಳು. ದಾರಿಯುದ್ದಕ್ಕೂ, ಬರೀ ಗುಗ್ಗೆ ತುಂಬಿರಬಹುದು, ತೆಗೆದರೆ ಸರಿಹೋಗುತ್ತದೆ ಎಂದು ಆಸೆ ತೋರಿಸಿದಳು. ಮೇಡಂ ಕಿವಿಯೊಳಗೆ ದೀಪ ಬಿಟ್ಟು ನೋಡಿ, ಕನ್ನಡಿಯ ಹಾಗೆ ಸ್ವಚ್ಛವಾಗಿದೆ ಎಂದರು. ಆಮೇಲೆ ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಬಲಗಿವಿಗೆ ಚೆನ್ನಾಗಿ ಒತ್ತಿದೆ. ಎಡಗಿವಿಯ ಸರದಿ ಬಂದಾಗ, ಇನ್ನೂ ಶುರು ಮಾಡಿಲ್ಲವೇ ಎಂದು ಕೇಳಿದೆ. ಮುಗಿದೇ ಹೋಗಿತ್ತು.

“ಏನ್ ಕೆಲಸರೀ ನಿಮ್ಮದು?” ಎಂದು ಮೇಡಂ ಕೇಳಿದರು. ಹೇಳಿದೆ. ಮೇಜಿನ ಪಕ್ಕ ಯಂತ್ರ ಇದೆಯೇ ಎಂದರು. ಮುಚ್ಚಳ ಒತ್ತುವ ಪ್ರೆಸ್ ಇದೆ ಎಂದೆ. ಯಾವ ಕಡೆ ಎಂದರು. ಹೇಳುವ ಮೊದಲೇ ನನ್ನ ಎಡಗೈ ಮೇಲೆದ್ದಿತು. ಯಂತ್ರಗಳಿಗೆ ಹೆದರದ ಮನುಷ್ಯ ಇಪ್ಪತ್ತಾರು ವರ್ಷ ಕಿವಿಗೆ ಹತ್ತಿಯನ್ನೂ ಇಡದೆ ಅದರ ಪಕ್ಕ ಕೂತಿದ್ದ.

ಪತ್ರದಲ್ಲಿ ಕೇಳಿದ್ದಂಥ, ಕಣ್ಣಿಗೆ ಬೀಳದ ಸಣ್ಣ ಯಂತ್ರ ಅವರಲ್ಲಿ ಇತ್ತು. ಸುಮಿತ್ರಾ ಅದನ್ನು ಪಕ್ಕಕ್ಕೆ ಸರಿಸಿ, ಅಡುಗೆಮನೆಯಿಂದ ನೋಡಿದರೂ ಕಾಣುವಂಥದ್ದು ಕೊಡಿ ಎಂದಳು. ಕಿವಿಯ ಹಿಂದೆ ಕೂರುವ, ಗೋಡಂಬಿಯ ಬಣ್ಣದ, ಗೋಡಂಬಿಗಿಂತ ದೊಡ್ಡದಾದ ಒಂದನ್ನು ಅವಳೇ ಆರಿಸಿದಳು. ಹಾಕಿಸಿಕೊಂಡು ಹೊರಗೆ ಬಂದಾಗ ರಿಕ್ಷಾಗಳ ಹಾರನ್ನಿಗೆ ಬೆಚ್ಚಿ ಅವಳ ಕೈ ಹಿಡಿದುಕೊಂಡೆ. ಅವಳು ನನ್ನ ಎಡಗಡೆ ಬಂದು ನಡೆಯುತ್ತಾ, ಆ ಮಳೆಗಾಲದ ನಾಲ್ಕು ದಿನದ ಕತೆಯನ್ನು ಮೊದಲಿನಿಂದ ಹೇಳಿದಳು. ಅಂಧೇರಿಯಲ್ಲಿ ಇಳಿದು ಮೆಟ್ರೋ ಹತ್ತಿ ಘಾಟ್ಕೋಪರ್ ತಲುಪುವವರೆಗೂ ಹೇಳಿದಳು. ನಾನು ಪ್ರಶ್ನೆ ಕೇಳಿದೆ. ಬಹಳ ಪ್ರಶ್ನೆ ಕೇಳಿದೆ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಗುಂಪಿನ ಹೆಂಗಸರು ಸುಮ್ಮನಿರಲಿಲ್ಲ. ಇಷ್ಟು ವರ್ಷ ತಮ್ಮ ಮಾತಿಗೆ ಗಂಡಂದಿರು ಉತ್ತರ ಕೊಡದಿರುವುದಕ್ಕೂ ಕಿವಿಯೇ ಕಾರಣವಿರಬೇಕು, ಪಾಪ, ಎಂದು ಅವರಿಗೆ ಅನುಕಂಪ ಹುಟ್ಟಿತು. ಕ್ಲಿನಿಕ್ಕಿನ ನಂಬರು ಗುಂಪಿನಲ್ಲಿ ಓಡಾಡಿತು. ಎರಡು ವಾರದಲ್ಲಿ ಹನ್ನೊಂದು ಜನ ಗಂಡಂದಿರು ವಿಲೆ ಪಾರ್ಲೆಯ ಆ ಗಾಜಿನ ಕೋಣೆಯಲ್ಲಿ ಕೂತು ಗುಂಡಿ ಒತ್ತಿ ಬಂದರು. ಶೆಟ್ಟರನ್ನು ಜಲಜಕ್ಕ ಹೋಟೆಲಿನ ಕೌಂಟರಿನಿಂದಲೇ ಎಬ್ಬಿಸಿಕೊಂಡು ಹೋದರು. ಪರೀಕ್ಷೆಯ ಫಲಿತಾಂಶ ಬಂತು. ಹನ್ನೊಂದು ಜನರ ಕಿವಿಯೂ ಚೆನ್ನಾಗಿಯೇ ಇತ್ತು. ಶೆಟ್ಟರದ್ದಂತೂ ಇಪ್ಪತ್ತರ ಹುಡುಗನ ಕಿವಿ ಎಂದು ಮೇಡಂ ಕಾಗದದ ಮೇಲೆ ಬರೆದೇ ಕೊಟ್ಟರಂತೆ. ಹಾಗಾದರೆ ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಕೇಳಿಸುತ್ತಿತ್ತೇ ಎಂದು ಹನ್ನೊಂದು ಮನೆಗಳಲ್ಲಿ ಒಂದೇ ಪ್ರಶ್ನೆ ಎದ್ದಿತು.

ಈಗ ನಮ್ಮ ಕಡೆ ಯಾವ ಗಂಡಸೂ ನನ್ನ ಜೊತೆ ಮಾತಾಡುವುದಿಲ್ಲ.

ಶೆಟ್ಟರನ್ನು ಬಿಟ್ಟು. ಮೊನ್ನೆ ಬೆಳಿಗ್ಗೆ ಅವರು ಲಿಫ್ಟಿನಲ್ಲಿ ಸಿಕ್ಕರು. ನಾವಿಬ್ಬರೇ ಇದ್ದೆವು. ಅವರು ನನ್ನ ಎಡಗಡೆ ಬಂದು ನಿಂತು ಯಂತ್ರವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಕಿವಿ ಕೇಳದವನಿಗೆ ಅರ್ಥವಾಗಬೇಕಲ್ಲ ಎಂಬ ಕಾಳಜಿಯಿಂದಲೋ ಏನೋ, ಬಾಗಿ ಅದರ ಹತ್ತಿರ ಬಾಯಿ ತಂದು, ಏಳನೆಯ ಮಹಡಿಯಿಂದ ಕೆಳಗಿನವರೆಗೂ ನನ್ನ ಬಗ್ಗೆ ತಮಗಿರುವ ಅಭಿಪ್ರಾಯವನ್ನು ತುಳುವಿನಲ್ಲಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು. ಮೂವತ್ತು ವರ್ಷ ಉಡುಪಿಯ ಹೆಂಡತಿಯ ಜೊತೆ ಬಾಳಿದವನಿಗೆ ಅಷ್ಟು ತುಳು ಅರ್ಥವಾಗುತ್ತದೆ.

ಯಂತ್ರ ಬಹಳ ಚೆನ್ನಾಗಿದೆ. ಒಂದಕ್ಷರವೂ ತಪ್ಪಲಿಲ್ಲ.